ಅಪ್ಪನ ಜೊತೆ ಜಿಮ್ಮಿ ಕಾರ್ಟರ್ ಊರಿಗೆ

ಅಪ್ಪ ಲಿಂಗಸುಗೂರು ಕಡೆಯವರು. ಹೈಸ್ಕೂಲ್ ಮೇಷ್ಟ್ರಾಗಿ ರಿಟೈರ್ ಆದರೂ ಹೊಲ ಬಿಟ್ಟವರಲ್ಲ. ಅಟ್ಲಾಂಟಾದ ನಮ್ಮ ಮನೆಗೆ 2024ರಲ್ಲಿ ಬಂದಾಗ ನಯಾಗರ, ನ್ಯೂಯಾರ್ಕ್ ಅಂತ ನಾನು ಪಟ್ಟಿ ಮಾಡಿಟ್ಟಿದ್ದೆ. ಅವರು ಕೇಳಿದ್ದು ಬೇರೆ. "ಕಾರ್ಟರ್ ಊರು ಇಲ್ಲಿಂದ ಎಷ್ಟು ದೂರ ಆಗ್ತದ?"

1978ರ ಜನವರಿಯಲ್ಲಿ ಕಾರ್ಟರ್ ಭಾರತಕ್ಕೆ ಬಂದಿದ್ದರು. ದೆಹಲಿ ಹತ್ತಿರ, ಹರಿಯಾಣದ ದೌಲತಪುರ ನಸೀರಾಬಾದ್ ಅನ್ನೋ ಹಳ್ಳಿಗೂ ಹೋಗಿದ್ದರು. ಆ ಹಳ್ಳಿ ತನ್ನ ಹೆಸರನ್ನೇ ಕಾರ್ಟರ್‌ಪುರಿ ಅಂತ ಬದಲಿಸಿಕೊಂಡಿತು. ಅಪ್ಪ ಆಗ ಹುಡುಗ. ಶೇಂಗಾ ಬೆಳೆಯುವ ರೈತನೊಬ್ಬ ಅಮೆರಿಕದ ಅಧ್ಯಕ್ಷನಾಗಿದ್ದಾನೆ ಅಂತ ಊರ ಕಟ್ಟೆಯ ಮೇಲೆ ಕೇಳಿದ್ದು ಅವರ ತಲೆಯಲ್ಲಿ ಹಾಗೇ ಉಳಿದುಬಿಟ್ಟಿತ್ತು.

ಅಟ್ಲಾಂಟಾದಿಂದ ಇದೇ ಜಾರ್ಜಿಯಾ ರಾಜ್ಯದಲ್ಲಿರುವ ಕಾರ್ಟರ್ ಊರು ಪ್ಲೇನ್ಸ್‌ಗೆ ಕಾರಿನಲ್ಲಿ ಮೂರು ಗಂಟೆ ಹಿಡಿಯುತ್ತದೆ. ಅಕ್ಟೋಬರ್ ಎರಡನೇ ವಾರ ಹೊರಟೆವು. ಕಾರ್ಟರ್‌ಗೆ ಆಗಷ್ಟೇ ನೂರು ತುಂಬಿತ್ತು. ಆಸ್ಪತ್ರೆ ಬೇಡ, ಮನೆಯಲ್ಲೇ ಇರುತ್ತೇನೆ ಅಂತ ಅವರು ಹೇಳಿ ಒಂದೂವರೆ ವರ್ಷ ದಾಟಿತ್ತು. ನಾನು ಇದನ್ನು ಬರೆಯಲು ಕೂರುವ ಹೊತ್ತಿಗೆ ಅವರಿಲ್ಲ. ಡಿಸೆಂಬರ್ 29ರಂದು ಅದೇ ಊರಿನ ಅದೇ ಮನೆಯಲ್ಲಿ ತೀರಿಕೊಂಡರು.

ಗುರುವಾರ: ಅಟ್ಲಾಂಟಾ

ಊರಿಗೆ ಹೋಗುವ ಮೊದಲು ಮ್ಯೂಸಿಯಂ ನೋಡೋದು ಒಳ್ಳೆಯದು. ಕಾರ್ಟರ್ ಗ್ರಂಥಾಲಯ ಮತ್ತು ಮ್ಯೂಸಿಯಂ ನಗರದ ಮಧ್ಯದಲ್ಲೇ ಇದೆ, ಸುತ್ತ ದೊಡ್ಡ ದೊಡ್ಡ ಮರಗಳು. 1986ರ ಅಕ್ಟೋಬರ್ 1ರಂದು, ಅವರ ಹುಟ್ಟುಹಬ್ಬದ ದಿನವೇ ಇದನ್ನು ತೆರೆದರು. ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ. ಆಮೇಲೆ ಶಾಲೆ ಮಕ್ಕಳ ಬಸ್ಸುಗಳು ಬರುತ್ತವೆ. ಹಿಂದೆ ಒಂದು ಜಪಾನಿ ತೋಟವಿದೆ, ಅದಕ್ಕೆ ಟಿಕೆಟ್ ಬೇಡ. ಮಧ್ಯಾಹ್ನ ಅಲ್ಲಿ ಕೂತು ಮನೆಯಿಂದ ತಂದ ಕಟಕ್ ರೊಟ್ಟಿ, ಶೇಂಗಾ ಚಟ್ನಿ ತಿಂದೆವು.

ಅಪ್ಪನನ್ನು ಮೊದಲು ಹಿಡಿದು ನಿಲ್ಲಿಸಿದ್ದು ನೌಕಾಪಡೆಯ ದಿನಗಳು. ಕಾರ್ಟರ್ 1946ರಲ್ಲಿ ನೇವಲ್ ಅಕಾಡೆಮಿಯಿಂದ ಹೊರಬಂದು ಸಬ್‌ಮರೀನ್ ಸೇರಿದರು. ಆಮೇಲೆ ರಿಕೋವರ್ ಅನ್ನುವ ಅಧಿಕಾರಿಯ ಕೈಕೆಳಗೆ ಅಣುಶಕ್ತಿಯ ಸಬ್‌ಮರೀನ್ ಕೆಲಸ. 1952ರಲ್ಲಿ ಕೆನಡಾದ ಚಾಕ್ ರಿವರ್‌ನಲ್ಲಿ ಒಂದು ರಿಯಾಕ್ಟರ್ ಕೆಟ್ಟಿತು. ಅದನ್ನು ಬಿಚ್ಚಲು ಹೋದ ತಂಡಕ್ಕೆ 28 ವರ್ಷದ ಕಾರ್ಟರ್ ಮುಖ್ಯಸ್ಥ. ವಿಕಿರಣ ಎಷ್ಟಿತ್ತೆಂದರೆ ಒಬ್ಬರು ಒಳಗೆ ಒಂದೂವರೆ ನಿಮಿಷಕ್ಕಿಂತ ಜಾಸ್ತಿ ಇರುವಂತಿರಲಿಲ್ಲ. ಅದಕ್ಕೇ ಟೆನಿಸ್ ಕೋರ್ಟಿನಲ್ಲಿ ಅದೇ ರಿಯಾಕ್ಟರಿನ ಮಾದರಿ ಮಾಡಿಕೊಂಡು, ಯಾವ ಬೋಲ್ಟ್ ಯಾರು ಬಿಚ್ಚಬೇಕು ಅಂತ ಅಭ್ಯಾಸ ಮಾಡಿ, ಓಡಿ ಹೋಗಿ ಬಿಚ್ಚಿ ಓಡಿ ಬರುತ್ತಿದ್ದರು. ರಾಜಕಾರಣಿಯ ಜೀವನಚರಿತ್ರೆಯಲ್ಲಿ ಇಂಥ ಪುಟ ಎಷ್ಟು ಜನಕ್ಕೆ ಇದೆ?

ಕ್ಯಾಂಪ್ ಡೇವಿಡ್ ಅಂದರೆ ಅಮೆರಿಕದ ಅಧ್ಯಕ್ಷರ ವಿಶ್ರಾಂತಿಧಾಮ, ಅದರ ವಿಭಾಗದಲ್ಲಿ ನಾನು ಜಾಸ್ತಿ ಹೊತ್ತು ನಿಂತೆ. 1978ರ ಸೆಪ್ಟೆಂಬರಿನಲ್ಲಿ ಈಜಿಪ್ಟಿನ ಅಧ್ಯಕ್ಷ ಸಾದತ್, ಇಸ್ರೇಲಿನ ಪ್ರಧಾನಿ ಬೆಗಿನ್ ಇಬ್ಬರನ್ನೂ ಬೆಟ್ಟದ ಮೇಲಿನ ಆ ಜಾಗಕ್ಕೆ ಕರೆತಂದು 13 ದಿನ ಇಟ್ಟುಕೊಂಡಿದ್ದರು. ಕೊನೆಯ ದಿನ ಮಾತು ಮುರಿದುಬಿದ್ದು, ಬೆಗಿನ್ ಹೊರಡಲು ಸಿದ್ಧವಾಗಿದ್ದರು. ಅವರು ಮೊಮ್ಮಕ್ಕಳಿಗೆ ಕೊಡಲು ಮೂವರೂ ಇರುವ ಫೋಟೋಗಳಿಗೆ ಸಹಿ ಕೇಳಿದ್ದರು. ಕಾರ್ಟರ್ ಪ್ರತಿ ಮಗುವಿನ ಹೆಸರು ತರಿಸಿಕೊಂಡು, ಒಂದೊಂದು ಫೋಟೋ ಮೇಲೆ ಒಂದೊಂದು ಹೆಸರು ಬರೆದು, ತಾವೇ ಅವರ ಕೋಣೆಗೆ ಹೋಗಿ ಕೊಟ್ಟರು. ಬೆಗಿನ್ ಆ ಹೆಸರುಗಳನ್ನು ಒಂದೊಂದಾಗಿ ಓದುತ್ತಾ ಕಣ್ಣೀರು ಹಾಕಿದರು. ಅವತ್ತೇ ಒಪ್ಪಂದವಾಯಿತು. ಮಾರನೇ ವರ್ಷ ಮಾರ್ಚಿನಲ್ಲಿ ಎರಡು ದೇಶಗಳೂ ಶಾಂತಿಗೆ ಸಹಿ ಹಾಕಿದವು. ಈಜಿಪ್ಟ್ ಮತ್ತು ಇಸ್ರೇಲ್ ಆಮೇಲೆ ಯುದ್ಧ ಮಾಡಿಲ್ಲ.

ಸೋಲುಗಳನ್ನೂ ಮ್ಯೂಸಿಯಂ ಬಚ್ಚಿಟ್ಟಿಲ್ಲ. ಬೆಲೆಯೇರಿಕೆ, ಪೆಟ್ರೋಲ್ ಬಂಕಿನ ಮುಂದಿನ ಉದ್ದ ಕ್ಯೂ, 1979ರ ನವೆಂಬರ್ 4ರಂದು ಇರಾನಿನ ಟೆಹರಾನಿನಲ್ಲಿ ತಮ್ಮ ರಾಯಭಾರ ಕಚೇರಿಯಲ್ಲೇ ಒತ್ತೆಯಾಳುಗಳಾಗಿ ಸಿಕ್ಕಿಬಿದ್ದ ಅಮೆರಿಕನ್ನರು. ಅವರನ್ನು ಬಿಡಿಸಲು ಹೋದ ಸೇನೆಯ ಹೆಲಿಕಾಪ್ಟರ್ ಮರುಭೂಮಿಯಲ್ಲಿ ವಿಮಾನಕ್ಕೆ ಬಡಿದು 8 ಜನ ಸತ್ತರು. ಒತ್ತೆಯಲ್ಲಿದ್ದ 52 ಜನ ಹೊರಬಂದದ್ದು 444 ದಿನಗಳ ನಂತರ, ಹೊಸ ಅಧ್ಯಕ್ಷ ರೇಗನ್ ಪ್ರಮಾಣವಚನ ತೆಗೆದುಕೊಂಡ ಕೆಲವೇ ನಿಮಿಷಕ್ಕೆ. ಚುನಾವಣೆಯನ್ನು ಕಾರ್ಟರ್ ಭಾರೀ ಅಂತರದಲ್ಲಿ ಸೋತಿದ್ದರು. ಅಲ್ಲಿ ಗೆಲುವು ತೀರ್ಮಾನಿಸುವ, ರಾಜ್ಯವಾರು ಎಣಿಸುವ ಎಲೆಕ್ಟೋರಲ್ ಮತ ರೇಗನ್‌ಗೆ 489, ಕಾರ್ಟರ್‌ಗೆ ಬರೀ 49.

ಇನ್ನು ಕೊನೆಯ ಭಾಗ, ಕಾರ್ಟರ್ ಸೆಂಟರ್ ಕೆಲಸದ್ದು. ಅಧಿಕಾರ ಹೋದ ಮೇಲೆ, 1982ರಲ್ಲಿ ಹೆಂಡತಿ ರೋಸಲಿನ್ ಜೊತೆ ಕಟ್ಟಿದ ಸಂಸ್ಥೆ ಅದು. ಗಿನಿ ಹುಳದ ಚಿತ್ರವೊಂದರ ಮುಂದೆ ಅಪ್ಪ ನಿಂತವರು ಅಲ್ಲಾಡಲಿಲ್ಲ. ಆಫ್ರಿಕಾದ ಮಗುವೊಂದರ ಪಾದದಿಂದ ಬಿಳಿ ದಾರದಂಥ ಹುಳವನ್ನು ಹೊರಗೆ ಎಳೆಯುತ್ತಿದ್ದಾರೆ.

"ನಾರುಹುಣ್ಣು," ಅಂದರು ಅಪ್ಪ. ಪ್ಯಾಂಟು ಮೇಲಕ್ಕೆತ್ತಿ ಎಡಗಾಲಿನ ಹರಡಿನ ಹತ್ತಿರ ತೋರಿಸಿದರು. ಕಾಳಿನಷ್ಟು ಅಗಲದ ಹೊಳೆಯುವ ಕಲೆ. ಹುಟ್ಟಿದಾಗಿನಿಂದ ಆ ಕಲೆ ನೋಡಿದ್ದೇನೆ, ಬಿದ್ದ ಗಾಯ ಅಂದುಕೊಂಡಿದ್ದೆ. "ನಮ್ಮೂರಾಗ ಮೆಟ್ಟಿಲ ಬಾವಿ ಇತ್ತಲ್ಲ ಯವ್ವಾ. ಎಲ್ಲಾರೂ ಇಳದು, ಕಾಲು ಅದ್ದಿ, ಅದೇ ನೀರು ತುಂಬಕೊಂಡು ಬರತಿದ್ವಿ. ಮುಂಗಾರಿ ಬಿತ್ತೋ ಟೈಮಿಗೇ ಹುಣ್ಣು ಏಳತಿತ್ತು. ಕಡ್ಡಿಗೆ ಸುತ್ತಿ ದಿನಾ ಒಂದೀಟು ಎಳೀತಿದ್ಲು ನಮ್ಮವ್ವ. ಹರೀತು ಅಂದ್ರ ಕಾಲೇ ಹೋತು."

ಆ ರೋಗಕ್ಕೆ ಲಸಿಕೆ ಇಲ್ಲ, ಔಷಧಿಯೂ ಇಲ್ಲ. ಕೆರೆ ಬಾವಿಯ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಯೊಳಗೆ ಮರಿಹುಳ ಇರುತ್ತದೆ. ಆ ನೀರು ಕುಡಿದು ಸುಮಾರು ಒಂದು ವರ್ಷಕ್ಕೆ ಒಂದು ಮೀಟರ್‌ವರೆಗೆ ಬೆಳೆದ ಹುಳ ಚರ್ಮ ಸೀಳಿ ಹೊರಬರುತ್ತದೆ. ಉರಿ ತಾಳಲಾರದೆ ಮನುಷ್ಯ ಕಾಲನ್ನು ನೀರಿಗಿಟ್ಟರೆ ಮತ್ತೆ ಮರಿಗಳು ನೀರು ಸೇರುತ್ತವೆ. ನೀರನ್ನು ಬಟ್ಟೆಯಲ್ಲಿ ಸೋಸಬೇಕು, ಹುಣ್ಣಿರುವವರು ನೀರಿಗೆ ಇಳಿಯಬಾರದು. ಅಷ್ಟೇ ದಾರಿ. ನಮ್ಮ ದೇಶ ತನ್ನದೇ ಕಾರ್ಯಕ್ರಮ ಮಾಡಿ, ಮೆಟ್ಟಿಲ ಬಾವಿ ಮುಚ್ಚಿಸಿ, ಕೊಳವೆಬಾವಿ ಕೊರೆಸಿ, 2000ನೇ ಇಸವಿಯಲ್ಲಿ ರೋಗಮುಕ್ತ ಅಂತ ಪ್ರಮಾಣಪತ್ರ ಪಡೆಯಿತು. ಆಫ್ರಿಕಾದ ಹಳ್ಳಿಗಳಲ್ಲಿ ಆ ಹಠ ಹಿಡಿದವರು ಕಾರ್ಟರ್. 1986ರಲ್ಲಿ ಜಗತ್ತಿನಲ್ಲಿ ಸುಮಾರು 35 ಲಕ್ಷ ಜನಕ್ಕೆ ಈ ರೋಗವಿತ್ತು. 2023ರಲ್ಲಿ 14 ಜನಕ್ಕೆ.

ಕುತ್ತಿಗೆಗೆ ನೇತುಹಾಕಿಕೊಳ್ಳುವ ಸೋಸುಕೊಳವೆ ಅಂತ ಒಂದು ಮಾಡಿದ್ದಾರೆ. ಬೆರಳುದ್ದದ ಪ್ಲಾಸ್ಟಿಕ್ ಕೊಳವೆ, ಒಳಗೆ ಸಣ್ಣ ಜಾಲರಿ, ಒಂದು ದಾರ. ದನ ಕಾಯುವ ಹುಡುಗ ಯಾವ ಹೊಂಡದಲ್ಲಾದರೂ ಅದರಿಂದ ಹೀರಿ ಕುಡಿಯಬಹುದು. ಅಪ್ಪ ಅದನ್ನು ನೋಡುತ್ತಾ ಬಹಳ ಹೊತ್ತು ಮಾತಾಡಲಿಲ್ಲ.

ಶುಕ್ರವಾರ: ವಾರ್ಮ್ ಸ್ಪ್ರಿಂಗ್ಸ್, ಆಮೇಲೆ ಕೆಂಪು ಮಣ್ಣಿನ ದಾರಿ

ಹೈವೇ ಹಿಡಿದು ನೇರ ಹೋಗಬಹುದಿತ್ತು. ನಾವು ಪಶ್ಚಿಮಕ್ಕೆ ತಿರುಗಿ ವಾರ್ಮ್ ಸ್ಪ್ರಿಂಗ್ಸ್ ಮೇಲೆ ಹೋದೆವು. ಪೋಲಿಯೋದಿಂದ ಕಾಲು ಸೋತಿದ್ದ, ಮುಂದೆ ಅಮೆರಿಕದ ಅಧ್ಯಕ್ಷರಾದ ರೂಸ್‌ವೆಲ್ಟ್ ಅಲ್ಲಿನ ಬಿಸಿನೀರಿನ ಬುಗ್ಗೆಗೆ ಬರುತ್ತಿದ್ದರು. ಅಲ್ಲಿ ಒಂದು ಸಣ್ಣ ಬಿಳಿ ಮನೆ ಕಟ್ಟಿಸಿಕೊಂಡರು. 1945ರ ಏಪ್ರಿಲ್ 12ರಂದು ಅಲ್ಲೇ, ಚಿತ್ರ ಬರೆಸಿಕೊಳ್ಳಲು ಕೂತಿದ್ದಾಗ ಕುಸಿದು ತೀರಿಕೊಂಡರು. ಅರ್ಧಕ್ಕೆ ನಿಂತ ಆ ಚಿತ್ರ ಈಗಲೂ ಅಲ್ಲಿದೆ. ಕಾರ್ಟರ್ 1976ರ ಸೆಪ್ಟೆಂಬರಿನಲ್ಲಿ ತಮ್ಮ ಕೊನೆಯ ಹಂತದ ಪ್ರಚಾರ ಶುರು ಮಾಡಿದ್ದು ಈ ಮನೆಯ ಮೆಟ್ಟಿಲಿನಿಂದ.

ನನಗೆ ಇಷ್ಟವಾದ ಕಥೆ ಕರೆಂಟಿನದು. ಮೊದಲ ತಿಂಗಳ ಬಿಲ್ ಬಂದಾಗ ರೂಸ್‌ವೆಲ್ಟ್ ಬೆಚ್ಚಿಬಿದ್ದರಂತೆ. ನ್ಯೂಯಾರ್ಕಿನ ತಮ್ಮ ಮನೆಗೆ ಕೊಡುತ್ತಿದ್ದ ದರದ ನಾಲ್ಕು ಪಟ್ಟು. ಹಳ್ಳಿಗಳಿಗೆ ಕಡಿಮೆ ದರದಲ್ಲಿ ವಿದ್ಯುತ್ ಕೊಡಬೇಕು ಅನ್ನುವ ಯೋಚನೆ ಬೇರುಬಿಟ್ಟದ್ದು ಈ ಬಿಲ್ಲಿನಿಂದ ಅಂತ ಅವರೇ 1938ರಲ್ಲಿ ಇದೇ ಜಾರ್ಜಿಯಾದ ಬಾರ್ನ್ಸ್‌ವಿಲ್‌ನಲ್ಲಿ ಹೇಳಿದರು. ಅದೇ ವರ್ಷ ಪ್ಲೇನ್ಸ್ ಹತ್ತಿರದ ಒಂದು ಹೊಲದ ಮನೆಗೆ ಕರೆಂಟು ಬಂತು. ಆ ಮನೆಯ ಹುಡುಗನಿಗೆ ಆಗ ಹದಿಮೂರೋ ಹದಿನಾಲ್ಕೋ. ಅದೇ ಹುಡುಗ 1979ರಲ್ಲಿ ಶ್ವೇತಭವನದ ಮಾಳಿಗೆ ಮೇಲೆ ನೀರು ಕಾಯಿಸುವ 32 ಸೌರಫಲಕ ಹಾಕಿಸಿದರು. ರೇಗನ್ ಕಾಲದಲ್ಲಿ ಅವು ಕೆಳಗಿಳಿದವು. ಮತ್ತೆ 2017ರಲ್ಲಿ, 92ನೇ ವಯಸ್ಸಿನಲ್ಲಿ, ಕಾರ್ಟರ್ ತಮ್ಮ ಸ್ವಂತ ಹೊಲದ 10 ಎಕರೆಯನ್ನು ಸೌರಫಲಕಗಳಿಗೆ ಕೊಟ್ಟರು. ಪ್ಲೇನ್ಸ್ ಊರಿಗೆ ಬೇಕಾದ ವಿದ್ಯುತ್ತಿನ ಅರ್ಧಕ್ಕಿಂತ ಜಾಸ್ತಿ ಅಲ್ಲಿಂದಲೇ ಸಿಗುವ ಲೆಕ್ಕ. ಚಿಮಣಿ ಬೆಳಕಿನಲ್ಲಿ ಓದಿದವರಿಗೆ ದೀಪದ ಬೆಲೆ ಬೇರೆ ಥರವೇ ಗೊತ್ತಿರುತ್ತದೆ.

ಅಲ್ಲಿಂದ ದಕ್ಷಿಣಕ್ಕೆ 41ನೇ ರಸ್ತೆ. ಎರಡೇ ಲೇನ್, ಎರಡೂ ಕಡೆ ಪೈನ್ ಮರ. ಮರ, ಕಂಬ, ಪಾಳುಮನೆ ಎಲ್ಲವನ್ನೂ ಕುಡ್ಜು ಬಳ್ಳಿ ಮುಚ್ಚಿಬಿಟ್ಟಿದೆ. ಮೊಬೈಲ್ ನೆಟ್‌ವರ್ಕ್ ಆಗಾಗ ಹೋಗುತ್ತದೆ, ಮ್ಯಾಪ್ ಮೊದಲೇ ಇಳಿಸಿಕೊಂಡಿದ್ದು ಉಪಯೋಗಕ್ಕೆ ಬಂತು. ಪೆಟ್ರೋಲನ್ನೂ ವಾರ್ಮ್ ಸ್ಪ್ರಿಂಗ್ಸ್‌ನಲ್ಲೇ ತುಂಬಿಸಿಕೊಳ್ಳಿ. ಕತ್ತಲಾಗುವ ಮೊದಲು ಊರು ಸೇರುವುದು ಕ್ಷೇಮ, ಜಿಂಕೆಗಳು ಸುಮ್ನೆ ರಸ್ತೆಗೆ ಹಾರಿಬಿಡುತ್ತವೆ. ಬ್ಯೂನಾ ವಿಸ್ಟಾ ದಾಟಿದ ಮೇಲೆ ಪೈನ್ ಕಡಿಮೆಯಾಗಿ ಹೊಲ ಬಯಲು ಶುರು. ಹತ್ತಿ ಬಿಳಿ, ಮಣ್ಣು ಕೆಂಪು.

ಅಲ್ಲೇ ಟೈರ್ ಪಂಕ್ಚರ್ ಆಯಿತು.

ಕಾರಿಂದ ಇಳಿದ ಕೂಡಲೇ ನೊರಜು ಮುತ್ತಿಕೊಂಡವು. ಕಚ್ಚುವುದಿಲ್ಲ. ಆದರೆ ಕಣ್ಣು, ಮೂಗು, ಬಾಯಿ ಯಾವುದನ್ನೂ ಬಿಡುವುದಿಲ್ಲ. ಕೊಲಂಬಸ್, ಮೇಕನ್, ಅಗಸ್ಟಾ ಊರುಗಳನ್ನು ಸೇರಿಸಿ ಗೆರೆ ಎಳೆದರೆ ಅದರ ಕೆಳಗೆಲ್ಲ ನೊರಜಿನ ರಾಜ್ಯ ಅಂತ ಇಲ್ಲಿಯವರು ಹೇಳುತ್ತಾರೆ. ನಾನು ಜಾಕ್ ತೆಗೆಯುವಷ್ಟರಲ್ಲಿ ಪಿಕಪ್ ಟ್ರಕ್ಕೊಂದು ನಿಂತಿತು. ಅರವತ್ತು ದಾಟಿದ ರೈತ. ಏನು ಎತ್ತ ಅಂತ ಕೇಳದೆ ಸ್ಪ್ಯಾನರ್ ಕೈಗೆ ತೆಗೆದುಕೊಂಡರು. ಬಾಯಿಯ ಒಂದು ಮೂಲೆಯಿಂದ ಉಫ್ ಅಂತ ಊದಿ ನೊರಜು ಓಡಿಸುತ್ತಾ, ಮಾತು ನಿಲ್ಲಿಸದೆ, ಟೈರ್ ಬದಲಿಸಿದರು. ಆ ಊದುವುದು ಇಲ್ಲಿ ಎಲ್ಲರಿಗೂ ಬರುತ್ತದೆ. ಎರಡು ದಿನದಲ್ಲಿ ಅಪ್ಪನಿಗೂ ಬಂತು.

ಅಷ್ಟರಲ್ಲಿ ಅಪ್ಪ ಹೊಲಕ್ಕೆ ಇಳಿದಾಗಿತ್ತು. ಶೇಂಗಾ ಕಿತ್ತು ಎರಡು ದಿನವಾಗಿತ್ತೇನೋ. ಯಂತ್ರ ಬಳ್ಳಿಯನ್ನು ಬೇರುಸಮೇತ ಎತ್ತಿ, ಮಣ್ಣು ಒದರಿ, ಬುಡ ಮೇಲೆ ಮಾಡಿ ಸಾಲಾಗಿ ಮಲಗಿಸುತ್ತದೆ. ಕಾಯಿ ಬಿಸಿಲಿಗೆ ಒಣಗುತ್ತದೆ. ಆಮೇಲೆ ಇನ್ನೊಂದು ಯಂತ್ರ ಬಂದು ಕಾಯಿ ಬಿಡಿಸಿಕೊಂಡು ಹೋಗುತ್ತದೆ. ಅಪ್ಪ ಒಂದು ಗಿಡ ಕೈಯಲ್ಲಿ ಹಿಡಿದು ಕಾಯಿ ಎಣಿಸುತ್ತಿದ್ದರು. ಒಂದು ಕಾಯಿ ಕಿವಿಯ ಹತ್ತಿರ ಅಲ್ಲಾಡಿಸಿದರು. ಒಡೆದು ಸಿಪ್ಪೆಯ ಒಳಗಡೆ ಕಪ್ಪಾಗಿದೆಯಾ ನೋಡಿದರು. ರೈತರು ಟೈರ್ ಬಿಟ್ಟು ಅವರ ಹತ್ತಿರ ಹೋದರು. "ಈ ಯಜಮಾನರಿಗೆ ಶೇಂಗಾ ಗೊತ್ತು," ಅಂತ ನನ್ನ ಕಡೆ ತಿರುಗಿ ಹೇಳಿದರು.

"ಮಸಾರಿ ಭೂಮಿ ಇದು, ನಮ್ಮಂಥದ್ದೇ. ಎಕರೆಗೆ ಎಷ್ಟು ಬರ್ತದ ಕೇಳು," ಅಂದರು ಅಪ್ಪ. ಚೆನ್ನಾಗಿ ಬಂದರೆ ಎರಡು ಟನ್ ಹತ್ತಿರ ಅಂದಾಗ ಅಪ್ಪ ಎರಡು ಸಲ ಕೇಳಿಸಿಕೊಂಡರು. ಮಳೆ ನಂಬಿದರೆ ನಮ್ಮಲ್ಲಿ ನಾಲ್ಕೈದು ಕ್ವಿಂಟಲ್, ಅಲ್ವಾ. ಇಲ್ಲಿ ನೀರಾವರಿ ಇದೆ, ಒಂದು ವರ್ಷ ಶೇಂಗಾ ಹಾಕಿದ ಹೊಲಕ್ಕೆ ಮುಂದಿನ ಒಂದೆರಡು ವರ್ಷ ಹತ್ತಿಯೋ ಮೆಕ್ಕೆಜೋಳವೋ ಹಾಕುತ್ತಾರೆ. ಅಮೆರಿಕದ ಶೇಂಗಾದಲ್ಲಿ ಅರ್ಧದಷ್ಟು ಈ ಒಂದು ರಾಜ್ಯದ್ದೇ.

ಕಾರ್ಟರ್ ಬಗ್ಗೆ ಕೇಳಿದೆ. 80ರಲ್ಲಿ ನಮ್ಮಪ್ಪ ಅವರಿಗೆ ಓಟು ಹಾಕಲಿಲ್ಲ ಅಂದರು. ರಷ್ಯಾ ಅಫ್ಘಾನಿಸ್ತಾನಕ್ಕೆ ನುಗ್ಗಿದಾಗ ಕಾರ್ಟರ್ ರಷ್ಯಾಕ್ಕೆ ಧಾನ್ಯ ಮಾರುವುದನ್ನು ನಿಲ್ಲಿಸಿದ್ದರು, ರೈತರಿಗೆ ಸಿಟ್ಟು ಬಂದಿತ್ತು. "ಆದರೆ ನೋಡಿ, ವಾಷಿಂಗ್ಟನ್‌ಗೆ ಹೋದವರು ಯಾರೂ ವಾಪಸ್ ಬರಲ್ಲ. ಇವರು ಬಂದರು."

ಹಣ ಕೊಡಲು ಹೋದರೆ ಟೋಪಿ ಮುಟ್ಟಿ ನಕ್ಕು ಹೊರಟುಬಿಟ್ಟರು. ಆ ರಾತ್ರಿ ಅಮೆರಿಕಸ್ ಊರಿನಲ್ಲಿ ತಂಗಿದೆವು. ಪ್ಲೇನ್ಸ್‌ನಿಂದ ಹತ್ತು ಮೈಲಿ, ಉಳಿಯಲು ಊಟಕ್ಕೆ ಅದೇ ಅನುಕೂಲ. ನಮ್ಮಂತೆ ಸಸ್ಯಾಹಾರಿಗಳಾದರೆ ಒಂದು ಮಾತು: ಇಲ್ಲಿ ಸೊಪ್ಪಿನ ಪಲ್ಯ, ಬೀನ್ಸ್ ಅಂತ ಬಂದದ್ದರಲ್ಲೂ ಹಂದಿ ಮಾಂಸದ ತುಂಡು ಇರುತ್ತದೆ, ಕೇಳಿಯೇ ತಗೊಳ್ಳಿ. ಬೆಳಿಗ್ಗೆ ಗ್ರಿಟ್ಸ್ ಸಿಗುತ್ತದೆ, ನಮ್ಮ ಮೆಕ್ಕೆಜೋಳದ ನುಚ್ಚಿನಂತೆಯೇ. ಅಪ್ಪ ಅದಕ್ಕೆ ಚಟ್ನಿಪುಡಿ ಹಾಕಿಕೊಂಡು ಎರಡು ಬಟ್ಟಲು ತಿಂದರು.

ಶನಿವಾರ: ಪ್ಲೇನ್ಸ್ ಮತ್ತು ಆರ್ಚರಿ

ಪ್ಲೇನ್ಸ್ ಅಂದರೆ ಒಂದು ರೈಲು ಹಳಿ, ಅದರ ಒಂದು ಪಕ್ಕ ಒಂದೇ ಸಾಲು ಅಂಗಡಿ, ಒಂದು ನೀರಿನ ಟ್ಯಾಂಕು, ಶೇಂಗಾ ಗೋದಾಮುಗಳು. ಜನಸಂಖ್ಯೆ ಆರುನೂರೂ ಇಲ್ಲ. ಊರೆಲ್ಲ ಸುತ್ತಲು ಅರ್ಧ ಗಂಟೆ ಸಾಕು, ನಮಗೆ ಇಡೀ ದಿನ ಸಾಲಲಿಲ್ಲ.

ಕಾರ್ಟರ್ ಓದಿದ ಶಾಲೆ ಈಗ ರಾಷ್ಟ್ರೀಯ ಉದ್ಯಾನ ಇಲಾಖೆಯ ಮ್ಯೂಸಿಯಂ. ಟಿಕೆಟ್ ಇಲ್ಲ. ಜೂಲಿಯಾ ಕೋಲ್ಮನ್ ಅನ್ನುವ ಟೀಚರ್ ಬಗ್ಗೆ ಅಲ್ಲಿ ಪ್ರೀತಿಯಿಂದ ಹೇಳುತ್ತಾರೆ. ಹಳ್ಳಿ ಮಕ್ಕಳಿಗೆ ದೊಡ್ಡ ದೊಡ್ಡ ಪುಸ್ತಕ ಓದಿಸುತ್ತಿದ್ದವರು. ಕಾಲ ಬದಲಾದಂತೆ ನಾವೂ ಹೊಂದಿಕೊಳ್ಳಬೇಕು, ಬದಲಾಗದ ಮೌಲ್ಯಗಳನ್ನು ಬಿಡಬಾರದು ಅನ್ನುವ ಅವರ ಮಾತನ್ನು ಕಾರ್ಟರ್ 1977ರ ಪ್ರಮಾಣವಚನದ ಭಾಷಣದಲ್ಲಿ, ಟೀಚರ್ ಹೆಸರು ಹೇಳಿಯೇ ನೆನೆದರು. ಮೇಷ್ಟ್ರಾಗಿದ್ದ ಅಪ್ಪನಿಗೆ ಇದು ಎಲ್ಲಕ್ಕಿಂತ ಹಿಡಿಸಿತು. "ಅಷ್ಟು ದೊಡ್ಡ ದಿನ ಮಾಸ್ತರಿಣಿ ಹೆಸರು ತಗೊಂಡಾನ," ಅಂತ ಮತ್ತೆ ಮತ್ತೆ ಹೇಳಿದರು. ಅಕ್ಟೋಬರ್ 1ರಂದು ಕಾರ್ಟರ್‌ಗೆ ನೂರು ತುಂಬಿದ ದಿನ ಇದೇ ಶಾಲೆಯಲ್ಲಿ 100 ಜನ ವಲಸಿಗರಿಗೆ ಅಮೆರಿಕದ ಪೌರತ್ವ ಕೊಟ್ಟರು.

1888ರ ರೈಲು ಡಿಪೋ ಮರದ ಕಟ್ಟಡ. 1976ರ ಪ್ರಚಾರದ ಕಚೇರಿ ಇಲ್ಲೇ ಇತ್ತು. ಜಾರ್ಜಿಯಾದ ಜನ ತಮ್ಮ ಖರ್ಚಿನಲ್ಲಿ ಬೇರೆ ರಾಜ್ಯಗಳಿಗೆ ಹೋಗಿ ಮನೆಮನೆ ಬಾಗಿಲು ತಟ್ಟಿದರು, ಅವರಿಗೆ ಪೀನಟ್ ಬ್ರಿಗೇಡ್ ಅಂತಲೇ ಹೆಸರು. ಡಿಪೋ ಮುಂದಿನ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕಾರ್ಟರ್ ತಾಯಿ ಲಿಲಿಯನ್ ಬಂದವರನ್ನೆಲ್ಲ ಮಾತಾಡಿಸುತ್ತಿದ್ದರು. ನರ್ಸ್ ಆಗಿದ್ದವರು. ಗಂಡ ಹೋದ ಮೇಲೆ, 1966ರಲ್ಲಿ, 68ನೇ ವಯಸ್ಸಿಗೆ, ಅಮೆರಿಕದ ಸ್ವಯಂಸೇವಕರನ್ನು ಬೇರೆ ದೇಶಗಳಿಗೆ ಕಳಿಸುವ ಪೀಸ್ ಕೋರ್ ಸೇರಿ ಮುಂಬೈನ ವಿಕ್ರೋಳಿಗೆ ಹೋದರು. ಅಲ್ಲಿ ಕುಟುಂಬ ಯೋಜನೆ ಕೆಲಸ, ಆಮೇಲೆ ಕ್ಲಿನಿಕ್ಕಿನಲ್ಲಿ ರೋಗಿಗಳ ಸೇವೆ. ಎರಡು ವರ್ಷದ ಹತ್ತಿರ ಇದ್ದರು. ನಮ್ಮ ಅಜ್ಜಿಯಂದಿರು ಆ ವಯಸ್ಸಿಗೆ ಕಾಶಿಗೆ ಹೋಗುತ್ತಿದ್ದರು. ಈ ಅಜ್ಜಿ ವಿಕ್ರೋಳಿಗೆ ಬಂದರು.

ಅಂಗಡಿ ಸಾಲಿನಲ್ಲಿ ಶೇಂಗಾ ಐಸ್‌ಕ್ರೀಂ ಸಿಗುತ್ತದೆ, ತಪ್ಪದೆ ತಿನ್ನಿ. ಹಸಿ ಶೇಂಗಾವನ್ನು ಉಪ್ಪು ನೀರಿನಲ್ಲಿ ಗಂಟೆಗಟ್ಟಲೆ ಕುದಿಸಿ ಲೋಟದಲ್ಲಿ ಕೊಡುತ್ತಾರೆ. ಐದಾರು ವರ್ಷದ ಜಿಮ್ಮಿ ಹಳಿ ಮೇಲೆ ನಡೆದು ಬಂದು ಇದೇ ಬೀದಿಯಲ್ಲಿ ಇದನ್ನೇ ಪೊಟ್ಟಣ ಕಟ್ಟಿ ಮಾರುತ್ತಿದ್ದ. ನಾವು ಎರಡು ಲೋಟ ತಗೊಂಡು ಬೆಂಚಿನ ಮೇಲೆ ಕೂತೆವು. ಅಂಗಡಿಯ ಹೆಂಗಸು ಹೊರಗೆ ಬಂದು ಪಕ್ಕದಲ್ಲೇ ಕೂತರು. ಹೋದ ವರ್ಷದ ಶೇಂಗಾ ಹಬ್ಬಕ್ಕೆ ಕಾರ್ಟರ್ ಮತ್ತು ರೋಸಲಿನ್ ಕಾರಿನಲ್ಲಿ ಈ ಬೀದಿಯಲ್ಲೇ ಹಾದುಹೋದರು, ಅದೇ ಕೊನೆ, ನವೆಂಬರಿನಲ್ಲಿ ಆಕೆ ಹೋದರು ಅಂದರು. 77 ವರ್ಷದ ಸಂಸಾರ. ಇಬ್ಬರೂ ಇದೇ ಊರಿನವರು, 1946ರಲ್ಲಿ ಮದುವೆಯಾಗಿದ್ದೂ ಇಲ್ಲೇ.

ಅವರ ಮನೆ ಊರಂಚಿನಲ್ಲಿದೆ. 1961ರಲ್ಲಿ ಕಟ್ಟಿದ ಸಾಧಾರಣ ಒಂದಂತಸ್ತಿನ ಮನೆ. ಬೇಲಿ, ಕಾವಲು ಇದ್ದದ್ದರಿಂದ ನಿಧಾನವಾಗಿ ಮುಂದೆ ಹೋದೆವು. ಮರಗಳ ಮರೆಯಲ್ಲಿ ಏನೂ ಕಾಣಲಿಲ್ಲ. 1981ರಲ್ಲಿ ಅಧಿಕಾರ ಮುಗಿಸಿ ಬಂದಾಗ ಅವರ ಶೇಂಗಾ ವ್ಯಾಪಾರದ ಮೇಲೆ 10 ಲಕ್ಷ ಡಾಲರಿಗೂ ಮೀರಿ ಸಾಲವಿತ್ತು. ವ್ಯಾಪಾರ ಮಾರಿದರು, ಪುಸ್ತಕ ಬರೆದು ಜೀವನ ಮಾಡಿದರು, ಮನೆ ಮಾತ್ರ ಬದಲಿಸಲಿಲ್ಲ.

ಮಧ್ಯಾಹ್ನದ ಮೇಲೆ ಆರ್ಚರಿ. ಪ್ಲೇನ್ಸ್‌ನಿಂದ ಪಶ್ಚಿಮಕ್ಕೆ ಎರಡೂವರೆ ಮೈಲಿ. ಕಾರ್ಟರ್ ನಾಲ್ಕು ವರ್ಷದವರಿದ್ದಾಗ, 1928ರಲ್ಲಿ, ಅವರ ಕುಟುಂಬ ಇಲ್ಲಿಗೆ ಬಂತು. ಮನೆ, ಪಕ್ಕದಲ್ಲಿ ಕಾರ್ಟರ್ ಅಪ್ಪ ನಡೆಸುತ್ತಿದ್ದ ಅಂಗಡಿ, ಕಮ್ಮಾರಸಾಲೆ, ಗಾಳಿಯಂತ್ರ, ಆಡು, ಕೋಳಿ. ಗುಂಡಿ ಒತ್ತಿದರೆ ಕಾರ್ಟರ್ ದನಿಯಲ್ಲೇ ಆ ಜಾಗದ ಕಥೆ ಕೇಳಿಸುತ್ತದೆ. ಬಚ್ಚಲಿನಲ್ಲಿ ತೂತು ಕೊರೆದ ತಗಡಿನ ಡಬ್ಬಿಯನ್ನು ಮೇಲೆ ಕಟ್ಟಿದ್ದಾರೆ, ಅದೇ ಶವರ್. ನಲ್ಲಿ ನೀರು ಬಂದದ್ದು 1935ರಲ್ಲಿ. ಅದಕ್ಕೂ ಮೊದಲು ಬಾವಿಯಿಂದ ಸೇದಬೇಕಿತ್ತು, ಹೊಲದಲ್ಲಿ ದುಡಿಯುವವರಿಗೆ ಬಕೆಟ್ ಹೊತ್ತು ನೀರು ಕೊಡುವುದು ಈ ಹುಡುಗನ ಕೆಲಸ.

ಆರ್ಚರಿಯಲ್ಲಿ ಹೆಚ್ಚಿನವರು ಕಪ್ಪು ಜನ. ಕಾರ್ಟರ್ ಜೊತೆ ಆಡಿ ಬೆಳೆದ ಹುಡುಗರೆಲ್ಲ ಅವರೇ. ಜ್ಯಾಕ್ ಮತ್ತು ರೇಚೆಲ್ ಕ್ಲಾರ್ಕ್ ದಂಪತಿಯ ಸಣ್ಣ ಮನೆಯನ್ನೂ ಉಳಿಸಿಟ್ಟಿದ್ದಾರೆ. ಅಪ್ಪ ಅಮ್ಮ ಊರಲ್ಲಿ ಇಲ್ಲದಾಗ ಹುಡುಗ ಮಲಗುತ್ತಿದ್ದುದು ಅಲ್ಲಿ. ಆದರೆ ಶಾಲೆ ಬೇರೆ, ಚರ್ಚ್ ಬೇರೆ, ರೈಲಿನ ಡಬ್ಬಿ ಬೇರೆ.

ಮನೆಯ ಕಿಟಕಿಯ ಮುಂದೆ ನಿಂತಾಗ ಒಂದು ರಾತ್ರಿಯ ಕಥೆ ನೆನಪಾಯಿತು. 1938ರ ಜೂನ್ 22. ಕಪ್ಪು ಬಾಕ್ಸರ್ ಜೋ ಲೂಯಿಸ್ ಮತ್ತು ಜರ್ಮನಿಯ ಷ್ಮೆಲಿಂಗ್ ನಡುವೆ ಪಂದ್ಯ. ಸುತ್ತಮುತ್ತ ಇದ್ದದ್ದು ಈ ಮನೆಯ ಬ್ಯಾಟರಿ ರೇಡಿಯೋ. ಕಪ್ಪು ನೆರೆಯವರು ಬಂದು ಕೇಳಬಹುದಾ ಅಂದರು. ಕಾರ್ಟರ್ ಅಪ್ಪ ರೇಡಿಯೋವನ್ನು ಕಿಟಕಿಯಲ್ಲಿಟ್ಟರು, ಅವರೆಲ್ಲ ಹೊರಗೆ ಅಂಗಳದಲ್ಲಿ ನಿಂತರು. ಮೊದಲ ಸುತ್ತಿನಲ್ಲೇ ಲೂಯಿಸ್ ಗೆದ್ದರು. ಅಂಗಳದಲ್ಲಿ ಒಬ್ಬರೂ ದನಿ ಎತ್ತಲಿಲ್ಲ. ಯಜಮಾನರಿಗೆ ಥ್ಯಾಂಕ್ಸ್ ಹೇಳಿ, ರಸ್ತೆ ದಾಟಿ, ಹಳಿ ದಾಟಿ, ದೂರದ ಒಂದು ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆಮೇಲೆ ಅಲ್ಲಿಂದ ಎದ್ದ ಕೇಕೆ ರಾತ್ರಿಯಿಡೀ ನಿಲ್ಲಲಿಲ್ಲ. ಹದಿಮೂರರ ಹುಡುಗ ಇದನ್ನೆಲ್ಲ ನೋಡುತ್ತಿದ್ದ. ನಾನು ಅಪ್ಪನಿಗೆ ಈ ಕಥೆ ಹೇಳಿದೆ. "ಗೊತ್ತಾತು ಬಿಡು, ನಮ್ಮೂರಾಗೂ ಬಾವಿ ಬ್ಯಾರೆ ಬ್ಯಾರೆ ಇದ್ವು," ಅಂದರು.

1953ರಲ್ಲಿ ತಮ್ಮ ಅಪ್ಪ ಕ್ಯಾನ್ಸರಿನಿಂದ ತೀರಿಕೊಂಡಾಗ ಕಾರ್ಟರ್ ನೌಕಾಪಡೆ ಬಿಟ್ಟು ಊರಿಗೆ ಬಂದರು. ರೋಸಲಿನ್‌ಗೆ ಸುತರಾಂ ಇಷ್ಟವಿರಲಿಲ್ಲ. ಮೊದಲ ವರ್ಷವೇ ಬರ, ಸರ್ಕಾರಿ ಬಾಡಿಗೆ ಮನೆಯಲ್ಲಿ ಸಂಸಾರ. ಕಪ್ಪು ಬಿಳಿ ಮಕ್ಕಳು ಒಟ್ಟಿಗೆ ಕಲಿಯಬಾರದು ಅಂತ ಬಿಳಿಯರು ಊರೂರಲ್ಲಿ ಸಂಘ ಕಟ್ಟಿಕೊಂಡ ಕಾಲ ಅದು. ಪ್ಲೇನ್ಸ್‌ನ ಬಿಳಿ ಗಂಡಸರಲ್ಲಿ ಸೇರುವುದಿಲ್ಲ ಅಂದವರು ಕಾರ್ಟರ್ ಒಬ್ಬರೇ. ಅವರ ಅಂಗಡಿಗೆ ಬಹಿಷ್ಕಾರ ಬಂತು. ಹಾಗಂತ 1970ರಲ್ಲಿ ರಾಜ್ಯದ ಗವರ್ನರ್ (ನಮ್ಮ ಮುಖ್ಯಮಂತ್ರಿಯಂಥ ಹುದ್ದೆ) ಚುನಾವಣೆಗೆ ನಿಂತಾಗ ಅವರು ಅಂಥ ಮನಸ್ಸಿನ ಮತದಾರರನ್ನೂ ಓಲೈಸಿದ್ದು ನಿಜ. ಅದು ನನಗೆ ಬೇಸರದ ವಿಷಯ. ಗೆದ್ದ ಮೇಲೆ, 1971ರ ಜನವರಿಯಲ್ಲಿ, ಜನಾಂಗಭೇದದ ಕಾಲ ಮುಗಿಯಿತು ಅಂತ ಮೊದಲ ಭಾಷಣದಲ್ಲೇ ಅಂದರು. ಓಟು ಹಾಕಿದವರಲ್ಲಿ ಎಷ್ಟೋ ಜನ ಸಿಟ್ಟಾದರು. ಮೂರು ವರ್ಷಕ್ಕೆ ರಾಜ್ಯದ ಶಾಸನಭವನದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಚಿತ್ರ ಹಾಕಿಸಿದರು.

ಈ ಅಂಗಳದಲ್ಲಿ ಒಂದು ಗಂಟೆ ಇದೆ, ಹೊಲದ ಕೆಲಸಕ್ಕೆ ಬಾರಿಸುತ್ತಿದ್ದದ್ದು. 2025ರ ಜನವರಿ 4ರಂದು ಕಾರ್ಟರ್ ಪಾರ್ಥಿವ ಶರೀರದ ವಾಹನ ಈ ಮನೆಯ ಮುಂದೆ ನಿಂತಾಗ ಉದ್ಯಾನದ ಸಿಬ್ಬಂದಿ ಅದನ್ನು 39 ಸಲ ಬಾರಿಸಿದರು. 39ನೇ ಅಧ್ಯಕ್ಷರು. ಟೀವಿಯಲ್ಲಿ ನೋಡುತ್ತಾ ಲಿಂಗಸುಗೂರಿಗೆ ಫೋನ್ ಮಾಡಿದೆ, ಅಪ್ಪನೂ ಅಲ್ಲಿ ಅದನ್ನೇ ನೋಡುತ್ತಿದ್ದರು.

ವಾಪಸ್ ಹೋಗುವಾಗ ಅಪ್ಪನ ಬಿಳಿ ಜುಬ್ಬಾದ ಅಂಚೆಲ್ಲ ಕೆಂಪು. ಈ ಮಣ್ಣು ಒಗೆದರೂ ಸುಲಭಕ್ಕೆ ಹೋಗುವುದಿಲ್ಲ. ಹೊಲಕ್ಕೆ ಇಳಿಯುವ ಆಸೆ ಇದ್ದರೆ ಹಳೆ ಬಟ್ಟೆ ಹಾಕಿಕೊಂಡು ಹೋಗಿ.

ಭಾನುವಾರ: ಚರ್ಚ್, ಅಮೆರಿಕಸ್, ಮನೆ

ಬೆಳಿಗ್ಗೆ ಮರನಾಥ ಬ್ಯಾಪ್ಟಿಸ್ಟ್ ಚರ್ಚ್‌ಗೆ ಹೋದೆವು. ಇಟ್ಟಿಗೆಯ ಸಣ್ಣ ಕಟ್ಟಡ. ಕಪ್ಪು ಜನರನ್ನು ಸೇರಿಸಿಕೊಳ್ಳುವ ವಿಷಯಕ್ಕೆ ಊರಿನ ಹಳೇ ಚರ್ಚ್ ಒಡೆದಾಗ ಹೊರಬಂದವರು 1977ರಲ್ಲಿ ಕಟ್ಟಿಕೊಂಡದ್ದು. ಅಧಿಕಾರದಿಂದ ಇಳಿದ ಮೇಲೆ ಕಾರ್ಟರ್ ತೊಂಬತ್ತು ದಾಟುವವರೆಗೂ ಇಲ್ಲಿ ಭಾನುವಾರದ ಪಾಠ ಮಾಡುತ್ತಿದ್ದರು. ಕೇಳಲು ಜನ ನಸುಕಿಗೇ ಬಂದು ಸಾಲು ನಿಲ್ಲುತ್ತಿದ್ದರು. ನಾವು ಹೋದಾಗ ಬೆಂಚುಗಳಲ್ಲಿ ಕೆಲವೇ ಜನ. ಗೋಡೆಯ ಮೇಲಿನ ಶಿಲುಬೆ, ಕಾಣಿಕೆ ಹಾಕುವ ಮರದ ತಟ್ಟೆಗಳು ಕಾರ್ಟರ್ ಕೈಯಾರೆ ಮಾಡಿದವು. ತಟ್ಟೆ ನಮ್ಮ ಸಾಲಿಗೆ ಬಂದಾಗ ಅಪ್ಪ ಡಾಲರ್ ಹಾಕಿ, ಅಂಚಿನ ಮೇಲೆ ಹೆಬ್ಬೆರಳು ಆಡಿಸಿ ನೋಡಿ ಮುಂದೆ ಕೊಟ್ಟರು. ಬೇರೆ ಧರ್ಮದವರು ಅಂತ ಯಾರೂ ನಮ್ಮನ್ನು ಒಂದು ಥರಾ ನೋಡಲಿಲ್ಲ. ಮುಗಿದ ಮೇಲೆ ಒಬ್ಬ ಅಜ್ಜಿ ಅಪ್ಪನ ಕೈ ಹಿಡಿದು ಯಾವ ಊರು, ಏನು ಬೆಳೆ ಅಂತ ಕೇಳಿದರು. ಭಾನುವಾರ ಮಧ್ಯಾಹ್ನ ಊರಿನಲ್ಲಿ ತಿನ್ನಲು ಏನೂ ಸಿಗುವುದಿಲ್ಲ, ಬುತ್ತಿ ಕಟ್ಟಿಕೊಂಡೇ ಹೋಗಬೇಕು.

ವಾಪಸ್ ದಾರಿಯಲ್ಲಿ ಅಮೆರಿಕಸ್‌ನಲ್ಲಿ ಮತ್ತೆ ನಿಂತೆವು. ಬಡವರ ಜೊತೆ ನಿಂತು ಮನೆ ಕಟ್ಟಿಕೊಡುವ ಹ್ಯಾಬಿಟಾಟ್ ಸಂಸ್ಥೆ 1976ರಲ್ಲಿ ಶುರುವಾದದ್ದು ಈ ಊರಿನಿಂದ. ಅದರ ಬೇರು ಹತ್ತಿರದ ಕೊಯ್ನೋನಿಯಾ ಅನ್ನುವ ತೋಟದಲ್ಲಿದೆ. 1942ರಿಂದಲೇ ಅಲ್ಲಿ ಕಪ್ಪು ಬಿಳಿ ಜನ ಒಟ್ಟಿಗೆ ಉತ್ತು ಒಟ್ಟಿಗೆ ಊಟ ಮಾಡುತ್ತಿದ್ದರು. ಅದಕ್ಕೆ ಗುಂಡೇಟು, ಬಾಂಬು, ಬಹಿಷ್ಕಾರ ಎಲ್ಲ ತಿಂದರು. ಕಾರ್ಟರ್ ದಂಪತಿ 1984ರಿಂದ ವರ್ಷಕ್ಕೊಂದು ವಾರ ಸುತ್ತಿಗೆ ಹಿಡಿದು ಮನೆ ಕಟ್ಟಲು ಹೋಗುತ್ತಿದ್ದರು. 2019ರಲ್ಲಿ, 95ನೇ ವಯಸ್ಸಿನಲ್ಲಿ ಮನೆಯಲ್ಲಿ ಬಿದ್ದು ಹಣೆಗೆ 14 ಹೊಲಿಗೆ ಬಿದ್ದಿತ್ತು. ಕಣ್ಣು ಕಪ್ಪಗೆ ಊದಿದ್ದರೂ ಅವತ್ತೇ ನ್ಯಾಶ್‌ವಿಲ್‌ಗೆ ಹೋದರು, ಮರುದಿನ ಮನೆಯ ಜಗಲಿಗೆ ಮರ ಜೋಡಿಸುತ್ತಾ ನಿಂತಿದ್ದರು.

ದಾರಿಯಲ್ಲಿ ಅಪ್ಪ ಗಿನಿ ಹುಳದ ಮಾತು ತೆಗೆದರು. 2015ರಲ್ಲಿ ಕ್ಯಾನ್ಸರ್ ಮೆದುಳಿಗೆ ಹರಡಿದೆ ಅಂತ ತಿಳಿದಾಗ ಕಾರ್ಟರ್ ಪತ್ರಕರ್ತರ ಮುಂದೆ ನಗುತ್ತಲೇ ಹೇಳಿದ್ದರು, ಕೊನೆಯ ಗಿನಿ ಹುಳ ನನಗಿಂತ ಮೊದಲು ಸಾಯಬೇಕು ಅಂತ. ಆಮೇಲೆ ಒಂಬತ್ತು ವರ್ಷ ಬದುಕಿದರು, ಹುಳ ಪೂರ್ತಿ ಹೋಗಿಲ್ಲ. ಚಾಡ್, ದಕ್ಷಿಣ ಸುಡಾನ್ ಕಡೆ ಇನ್ನೂ ಬೆರಳೆಣಿಕೆಯಷ್ಟು ಜನಕ್ಕೆ ಬರುತ್ತಿದೆ, ನಾಯಿಗಳಿಗೂ ಹತ್ತಿರುವುದರಿಂದ ಕೊನೆಯ ಹೆಜ್ಜೆ ಕಷ್ಟವಾಗಿದೆ. ಕಾರ್ಟರ್ ಅಧಿಕಾರದಲ್ಲಿ ಸೋತವರು ಅಂತ ಪುಸ್ತಕಗಳು ಬರೆಯುತ್ತವೆ. ನಾನು ಆ ಲೆಕ್ಕ ಒಪ್ಪುವುದಿಲ್ಲ. ಓಟು ಹಾಕಲಾಗದ, ಅವರ ಹೆಸರೂ ಕೇಳಿರದ ಲಕ್ಷಾಂತರ ಜನ ಇವತ್ತು ನೆಟ್ಟಗೆ ನಡೆದು ಹೊಲಕ್ಕೆ ಹೋಗುತ್ತಿದ್ದಾರೆ.

ಮೇಕನ್ ದಾಟಿದ ಮೇಲೆ ಟ್ರಾಫಿಕ್ ಜಾಸ್ತಿಯಾಯಿತು. 2006ರಲ್ಲಿ ಕಾರ್ಟರ್ ಮತ್ತು ರೋಸಲಿನ್ ಲೋಣಾವಳ ಹತ್ತಿರದ ಮಳವಲಿಗೆ ಬಂದು ಮನೆ ಕಟ್ಟಿದ್ದರು ಅಂತ ಹೇಳಿದೆ. ಅಪ್ಪ ಚೀಟಿಯಲ್ಲಿ ಊರಿನ ಹೆಸರು ಬರೆದುಕೊಂಡರು. ಪುಣೆಯಲ್ಲಿ ನಮ್ಮ ಚಿಕ್ಕಪ್ಪ ಇದ್ದಾರೆ. ಮುಂದಿನ ಸಂಕ್ರಾಂತಿಗೆ ಅಲ್ಲಿಗೆ ಹೋದಾಗ ಮಳವಲಿಯನ್ನೂ ವಿಕ್ರೋಳಿಯನ್ನೂ ನೋಡಿ ಬರುವುದು ಅಂತ ಕಾರಿನಲ್ಲೇ ತೀರ್ಮಾನವಾಯಿತು.